ಹೊಲಿದ ಕಿಸೆ

ಇದನ್ನು ನೀವು ನಂಬುವುದಿಲ್ಲ. ನಂಬಬೇಡಿ, ನೋಡೋಣ. ಪೂರ್ತಿ ಓದಿದ ಮೇಲೂ ನನ್ನನ್ನು ಸುಳ್ಳ ಅನ್ನುವ ಧೈರ್ಯ ಉಳಿದಿದ್ದರೆ ಅನ್ನಿ.

ಎಪ್ಪತ್ತರ ದಶಕದಲ್ಲಿ ವಿಜಯಪುರದಲ್ಲಿ ನನ್ನಂಥ ಸೈಕಲ್ ರಿಪೇರಿಯವನು ಇನ್ನೊಬ್ಬನಿರಲಿಲ್ಲ. ಕಣ್ಣು ಮುಚ್ಚಿ ಚಕ್ರದ ಡೊಂಕು ಹೇಳುತ್ತಿದ್ದೆ. ಆದರೆ ಕಿಸೆಯಲ್ಲಿ ದುಡ್ಡಿದ್ದರೆ ಕಂಡದ್ದೆಲ್ಲ ನನಗೆ ಬೇಕು. ಎಣ್ಣೆ ತರಲು ಹೋಗಿ ಪಾರಿವಾಳ ತಂದೆ. ಕೊಡೆ ಮರೆತು ಬಂದು ಹೊಸದು ಕೊಂಡೆ, ಅದನ್ನೂ ಮರೆತೆ. ಮೊನ್ನೆ ಮೊಮ್ಮಗನನ್ನು ನೋಡಿದ ಡಾಕ್ಟರು, ಅವನ ಜೊತೆ ಹೋಗಿದ್ದ ನನ್ನನ್ನೂ ನೋಡಿ, ಮನಸ್ಸು ಒಂದೆಡೆ ನಿಲ್ಲದ ಇದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ ಎಂದರು. ಆ ಕಾಲದಲ್ಲಿ ನನ್ನ ಹೆಂಡತಿ ಇದಕ್ಕೆ ಇಟ್ಟಿದ್ದ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ.

ಅವಳು ರೊಟ್ಟಿ ಬಡಿದು ಮಾರಿ ದುಡ್ಡು ಕೂಡಿಟ್ಟಿದ್ದಳು. ತಿಕೋಟಾದ ಮುದುಕ ದರ್ಜಿಯೊಬ್ಬ ತನ್ನ ಹೊಲಿಗೆ ಯಂತ್ರ ಮಾರುತ್ತಿದ್ದ. ಸಂಜೆಯೊಳಗೆ ದುಡ್ಡು ಬರದಿದ್ದರೆ ಕನಮಡಿಯ ಇನ್ನೊಬ್ಬ ಗಿರಾಕಿಗೆ ಕೊಡುತ್ತೇನೆಂದು ಹೇಳಿ ಕಳಿಸಿದ್ದ. ಅವಳಿಗೆ ಅವತ್ತೇ ಜ್ವರ. ಬೇರೆ ದಾರಿಯಿಲ್ಲದೆ ನೋಟುಗಳನ್ನು ನನ್ನ ಅಂಗಿಯ ಒಳಕಿಸೆಗೆ ತುರುಕಿ, ಕಿಸೆಯ ಬಾಯಿಗೆ ದಪ್ಪ ದಾರದಿಂದ ಒತ್ತೊತ್ತಾಗಿ ಹೊಲಿಗೆ ಹಾಕತೊಡಗಿದಳು. ಬಸ್ಸಿನ ಚಿಲ್ಲರೆ ಮಾತ್ರ ಹೊರಗೆ.

"ನಾ ಏನ್ ಕಳ್ಳ ಅದೀನೇನ?"

"ಕಳ್ಳರ ಮ್ಯಾಲ ನನಗ ಇಷ್ಟ ಸಂಶೆ ಇಲ್ಲ. ಸುಮ್ನ ನಿಂದರ್ರಿ, ಸೂಜಿ ಚುಚ್ಚತೈತಿ."

ಬಸ್ ಸ್ಟ್ಯಾಂಡಿನಲ್ಲಿ ಯಾರೋ ಇವತ್ತು ಬಬಲೇಶ್ವರ ಸಂತೆ ಅಂದರು. ಅಷ್ಟೇ. ನಾನು ಆ ಬಸ್ಸಿನಲ್ಲಿದ್ದೆ. ಚಿಲ್ಲರೆ ಟಿಕೀಟಿಗೂ ಶೇಂಗಾಕ್ಕೂ ಎಲೆ ಅಡಿಕೆಗೂ ಹೋಯಿತು.

ಸಂತೆಯಲ್ಲಿ ಒಂದು ಕರಿ ಟಗರು. ಒಂದೇ ಖೋಲಿಯ ಮನೆಯಲ್ಲಿ ಅದನ್ನು ಎಲ್ಲಿ ಕಟ್ಟುವುದೆಂದು ಯೋಚಿಸಲೇ ಇಲ್ಲ. ನಮ್ಮ ಕಡೆ ಜಾನುವಾರು ಸಂತೆಯಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ದಲಾಲಿಯ ವಸ್ತ್ರದ ಕೆಳಗೆ ಕೈ ಕೊಟ್ಟು ಬೆರಳು ಒತ್ತಿ ಹೇಳುತ್ತಾರೆ, ಬೆರಳು ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಚೇಷ್ಟೆಗೆಂದು ನಾನೂ ಕೈ ತೂರಿಸಿದೆ. ಅವನು ಮೂರು ಬೆರಳು ಕೇಳಿದ. ನಾನು ಗಬಕ್ಕನೆ ಐದೂ ಒತ್ತಿಬಿಟ್ಟೆ.

"ಆತು. ಸಂಚಗಾರ ಕೊಡು," ಎಂದ ದಲಾಲಿ. ಮುಂಗಡ ಕೈಗೆ ಬಿದ್ದರೆ ವ್ಯವಹಾರ ಮುಗಿದಂತೆ.

ಇಷ್ಟು ಬೇಗ ಒಪ್ಪಿದನೆಂದರೆ ಟಗರಿನಲ್ಲಿ ಏನೋ ಐಬಿದೆ ಎಂದು ನನಗೆ ಸಂಶಯ. ನಾನು ಅಂಗಿ ಕಳಚಿ ಕಿಸೆಯನ್ನು ಹಲ್ಲಿನಿಂದ ಕಚ್ಚುವುದನ್ನು ನೋಡಿ ಅವನಿಗೂ ಸಂಶಯ.

"ಯಾರ ಅಂಗಿಲೇ ಅದು?"

"ನಂದ. ಹೆಂಡ್ತಿ ಹೊಲದಾಳ. ಕತ್ತರಿ ಇದ್ರ ಕೊಡಪಾ."

"ಕಟಗೊಂಡ ಹೆಂಡ್ತಿನ ನಿನ್ನ ನಂಬಂಗಿಲ್ಲ, ನಾ ಹ್ಯಾಂಗ ನಂಬಲಿ? ಕದ್ದ ಮಾಲಿಗೆ ಕತ್ತರಿ ಕೊಟ್ಟು ನಾನೂ ಠಾಣೆ ಕಾಣ್ಲೇನು?"

ಮತ್ತೆ ಕಚ್ಚಿದೆ. ದವಡೆ ನೋಯಿತು. ಅಷ್ಟರಲ್ಲಿ ಟಗರು ಹೆಜ್ಜೆ ಹಾಕಿತು, ಹಿಂಗಾಲು ಕುಂಟುತ್ತಿತ್ತು. ಅಂಗಿ ತೊಟ್ಟು ಹೊರಟೆ.

"ಬೆರಳ ಕೊಟ್ಟು ಓಡತೀಯೇನಲೇ?"

"ಬೆರಳ ನನ್ನ ಹತ್ರನ ಅದಾವು," ಎಂದೆ.

ಜೋಳದ ಚೀಲದ ಗಾಡಿ ಹತ್ತಿ, ಉಳಿದ ದಾರಿ ನಡೆದು ತಿಕೋಟಾ ಮುಟ್ಟಿದಾಗ ಹೊತ್ತು ಇಳಿದಿತ್ತು. ಕನಮಡಿಯವನು ಯಂತ್ರದ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದ. ದರ್ಜಿ ನನ್ನ ಕಿಸೆಯ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ.

"ಇದನ್ನ ಯಾರೋ ಕಚ್ಚ್ಯಾರಲ್ಲ."

"ಇಲಿ ಕಡದೈತ್ರಿ."

"ಇಲಿ ಎಲಿ ಅಡಿಕಿ ತಿಂತೈತೇನು? ದಾರ ಕೆಂಪಗಾಗೈತಿ."

ಕತ್ತರಿಸಿ ಎಣಿಸಿದ. ಬೆಳಕಿಗೆ ಹಿಡಿದು ಮತ್ತೆ ಎಣಿಸಿದ. ಎಲ್ಲ ಇತ್ತು. ಕನಮಡಿಯವನು ಗೊಣಗುತ್ತ ಎದ್ದ. ನನ್ನ ಹತ್ತಿರ ಬಸ್ಸಿಗೆ ಕಾಸಿಲ್ಲವೆಂದಾಗ ದರ್ಜಿಯೇ ಟಿಕೀಟಿನ ದುಡ್ಡು ಕೊಟ್ಟ, ನನ್ನ ಕೈಗಲ್ಲ, ಕಂಡಕ್ಟರನ ಕೈಗೆ.

ಯಂತ್ರ ಹೊತ್ತು ಮನೆ ಮುಟ್ಟಿದಾಗ ಹೆಂಡತಿ ಜ್ವರದಲ್ಲೇ ಎದ್ದು ಬಂದು ಯಂತ್ರದ ಗಾಲಿ ತಿರುಗಿಸಿ ನೋಡಿದಳು. ಮರುದಿನ ಅದರಲ್ಲಿ ಅವಳು ಹೊಲಿದ ಮೊದಲ ಬಟ್ಟೆ ನನ್ನ ಅಂಗಿ. ಅದಕ್ಕೆ ಕಿಸೆಯೇ ಇರಲಿಲ್ಲ.

ಇದರಲ್ಲಿ ಒಂದೇ ಒಂದು ನನ್ನ ಸೃಷ್ಟಿ. ಟಗರು ಕುಂಟುತ್ತಿರಲಿಲ್ಲ. ನಾಲ್ಕೂ ಕಾಲು ಕಂಬದಂತಿದ್ದವು. ದಾರ ಹರಿಯಲಿಲ್ಲ, ಅಷ್ಟೇ.