ಗದ್ದ ಹಿಡಿದು ಕರೆಯುವ ಮಗು

ಮಗು ಕರೆದರೆ ತಿರುಗುವುದಿಲ್ಲ. ಈ ಒಂದು ಮಾತು ತಲೆಯೊಳಗೆ ಹೊಕ್ಕು ಕೂತ ಮೇಲೆ ಅವಳಿಗೆ ಬೇರೆ ಯಾವುದರ ಮೇಲೂ ಗಮನ ನಿಲ್ಲದಾಯಿತು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅದೇ, ಹಾಲು ಕಾಯಿಸುವಾಗ ಅದೇ. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾದ ಮೇಲೂ ಅದೇ.

ಗುಂಡನಿಗೆ ಒಂದೂವರೆ ವರ್ಷ. ಹೆಸರು ಬೇರೆ ಇತ್ತು, ಆದರೆ ಅವನ ಕೆನ್ನೆ ನೋಡಿದ ಯಾರೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಹಿಂದಿನಿಂದ “ಗುಂಡಾ” ಎಂದು ಎಷ್ಟು ಕೂಗಿದರೂ ಅವನು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಲೇ ಇರುತ್ತಿದ್ದ. ಮಾತು ಇನ್ನೂ ಬಂದಿರಲಿಲ್ಲ. “ಮ್ಮಾ” ಮತ್ತು “ತಾ” ಇವೆರಡರಲ್ಲೇ ಸಂಸಾರ ನಡೆಸುತ್ತಿದ್ದ. ಏನಾದರೂ ಬೇಕೆನಿಸಿದರೆ ಹತ್ತಿರ ಬಂದು, ಅಂಟಂಟು ಕೈಯಿಂದ ಅವಳ ಗದ್ದ ಹಿಡಿದು, ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಆಮೇಲೆ ಬೆರಳು ತೋರಿಸುತ್ತಿದ್ದ. ನೋಡಿದವರೆಲ್ಲ “ಎಷ್ಟು ಮುದ್ದು!” ಎನ್ನುತ್ತಿದ್ದರು. ಅವಳಿಗೆ ಮಾತ್ರ ಅದು ಹೆದರಿಕೆ ಹುಟ್ಟಿಸುತ್ತಿತ್ತು. ಬೇರೆ ಯಾವ ಮಗುವೂ ಹೀಗೆ ಮಾಡಿದ್ದನ್ನು ಅವಳು ನೋಡಿರಲಿಲ್ಲ.

ಅವಳ ಉದ್ಯೋಗವೂ ಅಂಥದ್ದೇ. ಔಷಧಿ ಡಬ್ಬಿಯೊಳಗೆ ಮಡಚಿ ಇಡುತ್ತಾರಲ್ಲ, ಇರುವೆ ಸಾಲಿನಂಥ ಅಕ್ಷರಗಳ ಕಾಗದ, ಅದರ ಕರಡು ತಿದ್ದುವುದು. ದಿನವಿಡೀ ಓದಿ ಓದಿ ಲೋಕದ ತಲೆಸುತ್ತು, ತುರಿಕೆ, ವಾಕರಿಕೆಗಳೆಲ್ಲ ಅವಳಿಗೆ ದೂರದ ನೆಂಟರಂತೆ ಪರಿಚಯವಾಗಿದ್ದವು. ಯಾವ ಗಳಿಗೆಯಲ್ಲಾದರೂ ಬಂದು ಬಾಗಿಲು ತಟ್ಟಬಹುದೆಂಬ ಭಯ. ಗಂಡನದು ಲಿಫ್ಟ್ ರಿಪೇರಿಯ ಕೆಲಸ. ಕೆಟ್ಟಿದ್ದು ಸದ್ದು ಮಾಡುತ್ತದೆ, ಸದ್ದು ಮಾಡದ್ದು ಕೆಟ್ಟಿಲ್ಲ ಎಂಬುದು ಅವನ ಸಿದ್ಧಾಂತ.

“ಮೊನ್ನೆ ಅವನಿಗೆ ಕಾಮಾಲೆ ಅಂದೆ, ನೋಡಿದ್ರೆ ಅರಿಶಿನ ಮೆತ್ಕೊಂಡಿತ್ತು. ಈಗ ಕಿವಿ. ಮುಂದಿನ ವಾರ ಏನಿಟ್ಟಿದ್ದೀಯ, ಈಗಲೇ ಹೇಳಿಬಿಡು,” ಎಂದು ಅವನು ಶೂ ಲೇಸು ಕಟ್ಟುತ್ತಲೇ ನಕ್ಕಿದ್ದ. ಅಂದಿನಿಂದ ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಮಕ್ಕಳ ಡಾಕ್ಟರ ಹತ್ತಿರ ಒಂದು ಅವಕಾಶ ಸಿಕ್ಕಿತ್ತು. ಚುಚ್ಚುಮದ್ದು ಹಾಕಿದ ಮೇಲೆ ಅವರು ಕನ್ನಡಕದ ಮೇಲಿಂದ ನೋಡಿ, “ಕರೆದರೆ ತಿರುಗ್ತಾನಾ?” ಎಂದು ಕೇಳುತ್ತಿರುವಾಗಲೇ ಪಕ್ಕದಲ್ಲಿದ್ದ ಅತ್ತೆ, “ಎಲ್ಲಾ ಚೆನ್ನಾಗಿದೆ ಡಾಕ್ಟ್ರೇ, ಊಟ ಚೆನ್ನಾಗಿ ಮಾಡ್ತಾನೆ, ನಿದ್ದೆ ಚೆನ್ನಾಗಿ ಮಾಡ್ತಾನೆ, ಏನೂ ತೊಂದರೆ ಇಲ್ಲ,” ಎಂದು ಒಂದೇ ಉಸಿರಿಗೆ ಹೇಳಿ ಮಗುವನ್ನು ಎತ್ತಿಕೊಂಡೇ ಬಿಟ್ಟರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರು ಎದ್ದು ನಿಂತಾಗಿತ್ತು. ಅವಳೂ ಚೀಲ ಎತ್ತಿಕೊಂಡು ಅವರ ಹಿಂದೆ ಹೊರಟಳು.

ಕೊನೆಗೆ ಕಿವಿ ತಪಾಸಣೆಯ ಕ್ಲಿನಿಕ್ಕಿನ ನಂಬರು ಹುಡುಕಿ ಫೋನು ಮಾಡಿದಳು. ಅಲ್ಲಿ ಒಂದು ಧ್ವನಿ, ನಿಮ್ಮ ಕರೆ ನಮಗೆ ಅಮೂಲ್ಯ ಎಂದಿತು. ಇದಕ್ಕೆ ಇದನ್ನು ಒತ್ತಿ, ಅದಕ್ಕೆ ಅದನ್ನು ಒತ್ತಿ ಎಂದಿತು. ಆಮೇಲೆ ಕೊಳಲಿನ ಒಂದು ತುಣುಕು ಗಾಣದೆತ್ತಿನಂತೆ ಸುತ್ತತೊಡಗಿತು. ಅವಳು ತಾಳ್ಮೆಯಿಂದ ಕಾದಳು. ನಿಜವಾದ ಹೆಂಗಸೊಬ್ಬಳು “ಹೇಳಿ” ಎಂದಕೂಡಲೇ ಫೋನಿಟ್ಟುಬಿಟ್ಟಳು. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೇನೋ ಎನ್ನುವ ಹೆದರಿಕೆ. ಮರುದಿನವೂ ಹಾಗೇ ಆಯಿತು. ಆ ಕೊಳಲು ಅವಳಿಗೆ ಬಾಯಿಪಾಠವಾಯಿತೇ ಹೊರತು ಅಪಾಯಿಂಟ್‌ಮೆಂಟು ಸಿಗಲಿಲ್ಲ.

ಅವಳು ಕಚೇರಿಗೆ ಹೋದ ಮೇಲೆ ಮಗುವನ್ನು ನೋಡಿಕೊಳ್ಳುವುದು ಅತ್ತೆ. ಅತ್ತೆ ಸಾಮಾನ್ಯದವರಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಗೋಡೆಯಷ್ಟಗಲದ ಬೋರ್ಡಿನ ಮುಂದೆ ಸಾಲಾಗಿ ಕೂತು, ವಯರಿನ ತುದಿಯನ್ನು ತೂತಿನಿಂದ ತೂತಿಗೆ ಚುಚ್ಚಿ ಎಲ್ಲೋ ಇರುವವರನ್ನು ಇನ್ನೆಲ್ಲೋ ಇರುವವರಿಗೆ ಜೋಡಿಸುತ್ತಿದ್ದ ಕಾಲ ಅದು. ಲೈನಿನಲ್ಲಿ ಗೊರಗೊರ ಸದ್ದು ಬಿಟ್ಟರೆ ಬೇರೇನೂ ಇಲ್ಲದಾಗಲೂ ಆ ಕಡೆಯ ಧ್ವನಿಯನ್ನು ಹಿಡಿದು ಮೇಲೆತ್ತುತ್ತಿದ್ದರಂತೆ. ಅದಕ್ಕೇ ಜೊತೆಯವರು, ಬಾವಿಗೆ ಬಿದ್ದ ಕೊಡವನ್ನು ಎತ್ತುವ ಕೊಕ್ಕೆಯ ಹೆಸರನ್ನೇ ಇಟ್ಟಿದ್ದರು: ಪಾತಾಳಗರಡಿ. ಹೆರಿಗೆ, ಸಾವು, ನಿಶ್ಚಿತಾರ್ಥ, ಜಗಳ, ಎಲ್ಲವೂ ಅವರ ಕಿವಿಯನ್ನು ಹಾದೇ ಹೋಗುತ್ತಿದ್ದವು. “ಕೇಳಿದ್ದನ್ನ ಕೇಳಿಲ್ಲ ಅಂತ ಇರಬೇಕು ಕಣಮ್ಮ. ನಮ್ಮ ಕೆಲಸದ ಮೊದಲ ಪಾಠ ಅದೇ,” ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು.

ಆ ಹೆಮ್ಮೆಯ ಜೊತೆಗೆ ಒಂದಿಷ್ಟು ಕಿರಿಕಿರಿಗಳೂ ಇದ್ದವು. ಅವರು ಟೀವಿ ಹಾಕಿದರೆ ಕೆಳಮನೆಯವರು ಬೇರೆ ಹಾಕಬೇಕಿರಲಿಲ್ಲ. ಮನೆಯ ಫೋನು ಬಡಿದುಕೊಂಡರೂ ಎತ್ತುತ್ತಿರಲಿಲ್ಲ; “ಆಯುಷ್ಯವೆಲ್ಲ ಅದನ್ನೇ ಎತ್ತಿದ್ದೀನಿ, ಈಗ ನೀವು ಎತ್ತಿ,” ಎನ್ನುತ್ತಿದ್ದರು. ಗಾಳಿ ಬರಲಿ ಎಂದು ಮುಂಬಾಗಿಲನ್ನು ಸದಾ ತೆರೆದಿಡುತ್ತಿದ್ದರು. ಎಲ್ಲಕ್ಕಿಂತ ವಿಚಿತ್ರ ಎಂದರೆ ಮಗುವಿನ ಚಾಪೆ. ಅಡುಗೆಮನೆಗೆ ಹೋದರೆ ಅಲ್ಲಿಗೆ ಚಾಪೆ, ಬಟ್ಟೆ ಒಗೆಯಲು ಹೋದರೆ ಬಚ್ಚಲ ಬಾಗಿಲಿಗೇ ಚಾಪೆ. “ಥಂಡಿ ಆಗುತ್ತೆ ಅತ್ತೆ, ಒಳಗೆ ಆಡ್ಕೊಂಡಿರಲಿ,” ಎಂದು ಅವಳು ಹೇಳಿ ಹೇಳಿ ಸೋತಿದ್ದಳು. “ಹೂಂ, ಆಯ್ತಮ್ಮ,” ಎಂದು ಒಪ್ಪಿಕೊಂಡು ಮತ್ತೆ ಚಾಪೆ ಎಳೆಯುತ್ತಿದ್ದರು.

ರಜೆಯ ದಿನ ಗಂಡ ಯಾರದೋ ಲಿಫ್ಟು ನಿಂತಿದೆಯೆಂದು ಹೋದ ಮೇಲೆ, ಅವಳು ತಾನೇ ಪರೀಕ್ಷೆ ಮಾಡುವುದೆಂದು ನಿಶ್ಚಯಿಸಿದಳು. ಗುಂಡ ಹಜಾರದಲ್ಲಿ ಅಡುಗೆಮನೆಗೆ ಬೆನ್ನು ಮಾಡಿ ಕೂತಿದ್ದ. ಪಕ್ಕದಲ್ಲೇ ಅತ್ತೆ, ಅವನ ಚಡ್ಡಿಗಳನ್ನು ಮಡಚುತ್ತಿದ್ದರು. ಅವಳು ಬಾಗಿಲ ಹಿಂದೆ ನಿಂತು, ದೊಡ್ಡ ಪಾತ್ರೆಯ ಸ್ಟೀಲ್ ಮುಚ್ಚಳವನ್ನು ತಲೆಯೆತ್ತರಕ್ಕೆ ಹಿಡಿದು, ಕಣ್ಣು ಮುಚ್ಚಿ ಬಿಟ್ಟಳು.

ಮುಚ್ಚಳ ಬಿದ್ದು, ಪುಟಿದು, ಗಿರಗಿರನೆ ಸುತ್ತಿ ಸುತ್ತಿ ಮಲಗಿತು. ಕೆಳಮನೆಯವಳು ಕಿಟಕಿಯಿಂದ “ಏನಾಯ್ತ್ರೀ?” ಎಂದು ಕೂಗಿದಳು. ಗುಂಡನ ಭುಜಗಳು ಎಗರಿದವು. ಅವನು ಗಕ್ಕನೆ ತಿರುಗಿ, ಮುಚ್ಚಳವನ್ನೂ ಅಮ್ಮನನ್ನೂ ನೋಡಿ, ಹಲ್ಲು ಬಿಟ್ಟು ನಕ್ಕು, ಮತ್ತೆ ತನ್ನ ಗೋಪುರಕ್ಕೆ ಮರಳಿದ.

ಅತ್ತೆ ಇನ್ನೊಂದು ಚಡ್ಡಿ ಮಡಚಿದರು.

ಮಗುವಿಗೆ ಕೇಳಿಸುತ್ತದೆ! ಅವಳು ಬಾಗಿಲಿಗೆ ಒರಗಿದಳು. ಒರಗಿಕೊಂಡೇ ಅತ್ತೆಯ ಬೆನ್ನನ್ನು ನೋಡಿದಳು. ಆ ಬೆನ್ನು ಅಲುಗಲೇ ಇಲ್ಲವಲ್ಲ? ಸಂತೋಷ ಪೂರ್ತಿ ಇಳಿಯುವ ಮೊದಲೇ ಕುತೂಹಲ ಅವಳ ಕೈಹಿಡಿದು ಎಬ್ಬಿಸಿತು.

ಆ ದಿನವೆಲ್ಲ ಅವಳು ಪತ್ತೇದಾರಿಕೆಗೆ ಇಳಿದಳು. ಕೋಣೆಯೊಳಗೆ ಬಿಸ್ಕತ್ತಿನ ಪೊಟ್ಟಣವನ್ನು ಸರಬರ ಎನಿಸಿದಳು. ಗುಂಡ ಓಡಿ ಬಂದ. ಅತ್ತೆಯ ಬೆನ್ನ ಹಿಂದೆ ನಿಂತು ಕೆಮ್ಮಿದಳು, ಏನಿಲ್ಲ. ಮೆಲ್ಲಗೆ ಪಕ್ಕಕ್ಕೆ ಬಂದು, ತುಸು ಕಣ್ಣಿಗೆ ಬೀಳುವಂತೆ ನಿಂತು, ಗಂಭೀರವಾಗಿ, “ಅತ್ತೆ, ಲಿಫ್ಟಿನಲ್ಲಿ ಆನೆ ಸಿಕ್ಕಿಹಾಕ್ಕೊಂಡಿದೆಯಂತೆ,” ಎಂದಳು.

“ಹೂಂ ಕಣಮ್ಮ, ಹಾಗೇ ಮಾಡೋಣ,” ಎಂದರು ಅತ್ತೆ.

ಮಧ್ಯಾಹ್ನ ಅವಳು ನಿದ್ದೆ ಬಂದವಳಂತೆ ಕೋಣೆಯಲ್ಲಿ ಮಲಗಿ, ಅರೆತೆರೆದ ಬಾಗಿಲಿನಿಂದ ಇಬ್ಬರನ್ನೂ ನೋಡುತ್ತಿದ್ದಳು. ಗುಂಡ ಪುಟುಪುಟು ಹೆಜ್ಜೆಯಿಡುತ್ತ ಮುಂಬಾಗಿಲಿನತ್ತ ಹೊರಟ. ಅತ್ತೆ ಹೆಸರು ಹಿಡಿದು ಕರೆಯಲಿಲ್ಲ. ಅಂಗೈಯಿಂದ ನೆಲಕ್ಕೆ ದಬದಬ ಬಡಿದರು. ಗುಂಡ ಆ ಕ್ಷಣವೇ ತಿರುಗಿ ನೋಡಿದ. ವಾಪಸು ಬಂದು, ಅವರ ಮಡಿಲೇರಿ, ಎರಡೂ ಕೈಯಿಂದ ಅವರ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ. ಅವರ ಕಣ್ಣು ತನ್ನ ಮೇಲೆ ಬಿತ್ತೆಂದು ಖಾತ್ರಿಯಾದ ಮೇಲಷ್ಟೇ “ತಾ” ಎಂದ.

ಅವಳು ಮಲಗಿದಲ್ಲೇ ಎದ್ದು ಕೂತಳು. ಗದ್ದ ಹಿಡಿಯುವುದು ರೋಗವಲ್ಲ, ಅದು ಪಾಠ. ಈ ಮನೆಯಲ್ಲಿ ಮಾತಾಡಬೇಕಾದರೆ ಮೊದಲು ಮುಖ ತಿರುಗಿಸಿಕೊಳ್ಳಬೇಕೆಂದು ಅವನು ಕಲಿತಿದ್ದಾನೆ. ಕರೆಯೆಂದರೆ ನೆಲದ ಬಡಿತ. ಹೆಸರಿಗೆ ತಿರುಗಬೇಕೆಂದು ಅವನಿಗೆ ಯಾರು ಹೇಳಿದ್ದಾರೆ? ಎಲ್ಲರಿಗಿಂತ ಮೊದಲು ಅತ್ತೆಯ ಕಿವಿಯ ಗುಟ್ಟು ತಿಳಿದದ್ದು, ಇನ್ನೂ ಮಾತು ಬಾರದ ಈ ಪೋರನಿಗೆ!

ಆದರೆ ಒಂದು ಚಿಂತೆ ಎದ್ದುಹೋದ ಜಾಗದಲ್ಲಿ ಇನ್ನೊಂದು ಬಂದು ಕೂತಿತ್ತು. ತಾನಿಲ್ಲದಾಗ ಇವನು ಬಿದ್ದು ಅತ್ತರೆ ಕೇಳಿಸುವುದು ಯಾರಿಗೆ?

ಸಂಜೆ ಗಂಡನಿಗೆ ಹೇಳಿದಳು. “ಅಮ್ಮಂಗಾ? ಪಾತಾಳಗರಡಿಗಾ?” ಎಂದು ಅವನು ಮೊದಲು ನಕ್ಕ. ಆಮೇಲೆ ತಟ್ಟೆಯಲ್ಲಿ ಬೆರಳಾಡಿಸುತ್ತ, “ನಾನು ಬಾಗಿಲಲ್ಲಿ ಹೋಗ್ಬರ್ತೀನಿ ಅಂದ್ರೆ ಉತ್ತರಾನೇ ಕೊಡಲ್ಲ. ಸಿಟ್ಟು ಅಂದ್ಕೊಂಡಿದ್ದೆ,” ಎಂದ. ಕೊನೆಗೆ, “ನೀನೇ ಕೇಳು. ನನ್ನ ಕೈಲಾಗಲ್ಲ,” ಎಂದು ಕೈತೊಳೆಯಲು ಎದ್ದ.

ಮಾರನೆಯ ಬೆಳಿಗ್ಗೆ ಅವಳು ತಡವಾಗಿ ಬರುತ್ತೇನೆಂದು ಕಚೇರಿಗೆ ತಿಳಿಸಿ, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಅತ್ತೆಯ ಎದುರಿಗೇ ಕೂತಳು.

“ಅತ್ತೆ, ನಿಮಗೆ ಯಾವಾಗಿಂದ ಕಿವಿ ಕೇಳಿಸ್ತಿಲ್ಲ?”

“ಯಾರಿಗೆ, ನನಗಾ?” ಅತ್ತೆ ಬೆನ್ನು ನೆಟ್ಟಗೆ ಮಾಡಿದರು. “ಈಗಿನವರು ತುಟೀನೇ ಬಿಚ್ಚಲ್ಲ. ಬಾಯೊಳಗೇ ಮಾತಾಡಿ ಬಾಯೊಳಗೇ ನುಂಗ್ತೀರಿ. ಅದು ಯಾರಿಗೆ ಕೇಳಿಸುತ್ತೆ?”

“ನಿನ್ನೆ ನಾನು ಲಿಫ್ಟಿನಲ್ಲಿ ಆನೆ ಸಿಕ್ಕಿಹಾಕ್ಕೊಂಡಿದೆ ಅಂದೆ. ಹಾಗೇ ಮಾಡೋಣ ಅಂದ್ರಿ.”

ಅತ್ತೆ ಅವಳ ತುಟಿಗಳನ್ನೇ ನೋಡುತ್ತ ಕೂತರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. “ಹೊರಗೆ ಬಂತಾ?”

“ಯಾರು?”

“ಆನೆ.”

ಅವಳಿಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ನಕ್ಕರು, ಯಾಕೆಂದು ತಿಳಿಯದ ಗುಂಡನೂ ನಕ್ಕ. ನಗು ಮುಗಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಒರೆಸಿಕೊಂಡದ್ದು ನಗುವಿನ ನೀರನ್ನಷ್ಟೇ ಅಲ್ಲ.

“ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಮನಸ್ಸು ಬಂದ್ರೆ ಒಂದಿಷ್ಟು ಕೇಳುತ್ತೆ. ಆಗ ಕೇಳಿದ್ದನ್ನ ಕೇಳಿಲ್ಲ ಅಂತ ನಟಿಸ್ತಿದ್ದೆ, ಈಗ ಕೇಳದೇ ಇದ್ದದ್ದನ್ನ ಕೇಳಿದೆ ಅಂತ ನಟಿಸ್ತೀನಿ. ಲೆಕ್ಕ ಸರಿಹೋಯ್ತು ಬಿಡು.”

“ಹೇಳಬಾರದಿತ್ತಾ ಅತ್ತೆ?”

“ಹೇಳಿದ್ರೆ? ಕಿವಿ ಕೇಳದವಳ ಕೈಗೆ ಯಾರು ಮಗು ಕೊಡ್ತಾರೆ? ಆ ರಸ್ತೆ ತಿರುವಿನ ಬೇಬಿ ಸಿಟ್ಟಿಂಗ್ ಬೋರ್ಡನ್ನ ನೀನು ನಿಂತು ಓದೋದನ್ನ ಮಹಡಿಯಿಂದ ನೋಡಿದ್ದೀನಿ. ಕಣ್ಣು ಚೆನ್ನಾಗಿದೆಯಮ್ಮ ನನಗೆ. ನಿಜ ಹೇಳು, ಮೊದಲೇ ಗೊತ್ತಿದ್ರೆ ನೀನು ಕೊಡ್ತಿದ್ಯಾ?”

“ಗೊತ್ತಿಲ್ಲ ಅತ್ತೆ,” ಎಂದಳು.

ಅತ್ತೆ ತಲೆಯಾಡಿಸಿದರು. “ಬಣ್ಣ ಹಚ್ಚದೆ ಹೇಳಿದೆಯಲ್ಲ, ಅಷ್ಟು ಸಾಕು. ಆದ್ರೆ ಒಂದು ತಿಳ್ಕೋ. ಅವನು ಎಚ್ಚರವಿದ್ದಾಗ ನಾನು ಒಂದು ಸಲವೂ ಕಣ್ಣು ಮುಚ್ಚಿಲ್ಲ. ಬಚ್ಚಲಿಗೆ ಹೋದ್ರೂ ಚಾಪೆ ಎಳ್ಕೊಂಡೇ ಹೋಗಿದ್ದೀನಿ.”

ಥಂಡಿಯಾಗುತ್ತದೆಂದು ತಾನು ಗೊಣಗಿದ ಆ ಚಾಪೆ ಬಾಗಿಲ ಬಳಿಯೇ ಬಿದ್ದಿತ್ತು. ಅವಳು ಅದನ್ನೇ ನೋಡುತ್ತ, ತನ್ನ ಭಯವನ್ನೂ ಹೊರಗೆ ಹಾಕಿದಳು: ಗುಂಡ ತಿರುಗದಿರುವುದು, ಮಾತು ಬಾರದಿರುವುದು, ಕ್ಲಿನಿಕ್ಕಿನ ಕೊಳಲು, ಮುಚ್ಚಳ. ನಡುವೆ ತಲೆ ತಗ್ಗಿದಾಗಲೆಲ್ಲ ಅತ್ತೆ ಅವಳ ಮೊಣಕಾಲು ತಟ್ಟಿ, “ಮುಖ ಎತ್ತಿ ಹೇಳು,” ಎನ್ನುತ್ತಿದ್ದರು.

“ಮುಚ್ಚಳ ಬೀಳಿಸಿದ್ಯಾ? ಅದಕ್ಕೇ ಇರಬೇಕು! ಬೆಳಿಗ್ಗೆ ಮೆಟ್ಟಿಲಲ್ಲಿ ಕೆಳಮನೆಯವಳು ಏನೋ ಕೇಳಿದ್ಲು, ನಾನು ಹೂಂ ಅಂದೆ. ಪಾಪ, ನನ್ನ ಬೆನ್ನು ಸವರಿ ಹೋದ್ಲು. ಅತ್ತೆ ಸೊಸೆ ಜಗಳಾನಾ ಅಂತ ಕೇಳಿರಬೇಕು ಕಣೇ!”

“ಅಯ್ಯೋ ಅತ್ತೆ!”

“ಇರಲಿ, ಅವಳಿಗೂ ಒಂದು ವಾರಕ್ಕೆ ಮಾತಾಯ್ತು.”

“ಗುಂಡನಿಗೆ ಕೇಳಿಸುತ್ತೆ ಅಂತ ನನಗನಿಸುತ್ತೆ. ಆದ್ರೆ ನನಗನಿಸಿದ್ದು ಸಾಲದು, ತಿಳಿದವರು ನೋಡಿ ಹೇಳಬೇಕು. ಅವನ ಜೊತೆ ನೀವೂ ತೋರಿಸ್ಕೋಬೇಕು.”

“ಆಮೇಲೆ? ಅವನು ಯಾರ ಹತ್ರ ಇರ್ತಾನೆ?” ಅತ್ತೆಯ ಕೈ ತಾನಾಗಿ ಮಗುವಿನ ಬೆನ್ನಿಗೆ ಹೋಯಿತು.

ಅವಳು ತುಟಿಯನ್ನು ಪೂರ್ತಿ ಬಿಚ್ಚಿ, ಒಂದೊಂದೇ ಮಾತು ಹೇಳಿದಳು. “ನಿಮ್ಮ ಹತ್ರಾನೇ. ಆದ್ರೆ ಕಿವಿಗೆ ಮೆಷೀನ್ ಕೊಟ್ರೆ ಹಾಕ್ಕೊಂಡಿರಬೇಕು. ಡಬ್ಬಿಯಲ್ಲಿ ಇಡೋ ಹಾಗಿಲ್ಲ. ಇವನನ್ನ ಹೆಸರು ಹಿಡಿದು ಕರೀಬೇಕು.”

“ಆಯುಷ್ಯವೆಲ್ಲ ತಲೆ ಮೇಲೆ ಹೆಡ್‌ಫೋನ್ ಹೊತ್ತವಳಿಗೆ ಕಿವಿಯೊಳಗಿನ ಗುಂಡಿ ಒಂದು ಭಾರವಾ? ಮಾಡು ಫೋನು.”

ಅವಳು ಸ್ಪೀಕರಿಗೆ ಹಾಕಿ ಮಾಡಿದಳು. ನಿಮ್ಮ ಕರೆ ನಮಗೆ ಅಮೂಲ್ಯ ಎಂದಿತು ಅದೇ ಧ್ವನಿ. ಒತ್ತಬೇಕಾದದ್ದನ್ನೆಲ್ಲ ಒತ್ತಿದಳು. ಕೊಳಲು ಸುತ್ತತೊಡಗಿತು. ಅತ್ತೆ ಕೈಚಾಚಿ ಫೋನಿನ ಬೆನ್ನಿಗೆ ಬೆರಳ ತುದಿ ತಾಗಿಸಿ ಅದರ ಸಣ್ಣ ಅದುರನ್ನು ಹಿಡಿದುಕೊಂಡಿದ್ದರು. ಗುಂಡ ತಾನೂ ಒಂದು ಬೆರಳು ಇಟ್ಟ.

“ನಿಂತಿತು,” ಎಂದರು ಅತ್ತೆ. “ಮಾತಾಡು. ಇಟ್ಟುಬಿಡಬೇಡ.”

“ಹೇಳಿ, ಯಾರಿಗೆ ತೋರಿಸಬೇಕು?” ಎಂದಿತು ಆ ಕಡೆಯ ಹೆಣ್ಣುಧ್ವನಿ.

ಅವಳ ಹೆಬ್ಬೆರಳು ಅಭ್ಯಾಸಬಲದಿಂದ ಕೆಂಪು ಗುಂಡಿಯ ಕಡೆ ಹೋಗಿ, ಅರ್ಧದಲ್ಲೇ ನಿಂತಿತು. “ಇಬ್ಬರಿದ್ದಾರೆ,” ಎಂದಳು. “ನನ್ನ ಮಗ, ಮತ್ತೆ ನಮ್ಮ ಅತ್ತೆ.”

“ನಾಳೆ ಬೆಳಿಗ್ಗೆ ಆಗುತ್ತಾ? ಮೊದಲು ಯಾರನ್ನ ಬರ್ಕೊಳ್ಳಲಿ?”

ಅತ್ತೆ ಗುಂಡನ ಕಡೆ ನೋಡುತ್ತಿದ್ದರು. ಅವಳು ಕೈಚಾಚಿ, ಮೆಲ್ಲಗೆ ಅವರ ಗದ್ದ ಹಿಡಿದು, ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಕೇಳಿದಳು.

“ನನ್ನನ್ನೇ ಬರ್ಕೊಳ್ಳೋಕೆ ಹೇಳು,” ಎಂದರು ಅತ್ತೆ. “ಹೆದರಬೇಡ ಅಂತ ಇವನಿಗೆ ತೋರಿಸೋಕೆ ಒಬ್ಬರು ಬೇಡವಾ?”