ಕಮರಿಯ ಕಡೆಯಿಂದ ಬಂದ ಹಾರ್ನ್

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಅಂಥ ಮಾತು ಕೇಳುವುದು ಕಾಲ ಹಾಳು ಎಂಬುದು ನನ್ನ ಅಭಿಪ್ರಾಯವಾಗಿತ್ತು. ನನ್ನ ತಾಯಿ ದೇವದುರ್ಗದವಳು. ಹೊರಗಿನಿಂದ ಯಾರಾದರೂ ಕರೆದರೆ ಮೊದಲ ಕೂಗಿಗೆ ಓ ಎನ್ನಬಾರದು, ಮೂರನೆಯ ಸಲ ಕರೆದ ಮೇಲೆಯೇ ಓಗೊಡಬೇಕು ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದಳು. ನಾನು ಬೇಕೆಂದೇ ಮೊದಲ ಕೂಗಿಗೇ ಗಟ್ಟಿಯಾಗಿ ಓಗೊಟ್ಟು ಅವಳನ್ನು ರೇಗಿಸುತ್ತಿದ್ದೆ. ಈಗ ರಾಯಚೂರಿನಲ್ಲಿ ನಿವೃತ್ತನಾಗಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ನೌಕರಿಯ ಹೆಚ್ಚಿನ ಭಾಗ ಹಿಮಾಲಯದ ರಸ್ತೆಗಳ ಮೇಲೆ ಹಿಮ ತೆಗೆಸುವುದರಲ್ಲಿ ಕಳೆಯಿತು. ರಾಯಚೂರಿನವನಿಗೆ ಹಿಮದ ಕೆಲಸ ಎಂದರೆ ನಮ್ಮ ಕಡೆಯವರು ಇಂದಿಗೂ ನಗುತ್ತಾರೆ. ಆದರೆ ಆ ಕೆಲಸ ಬೇಡುವುದು ಮುಖ್ಯವಾಗಿ ಕ್ರಮವನ್ನು. ಯಾವ ಯಂತ್ರ ಯಾವಾಗ ಹೊರಡಬೇಕು, ಎಣ್ಣೆ ಎಲ್ಲಿ ಬೆಚ್ಚಗಿರಬೇಕು, ಯಾರು ಯಾರ ಹಿಂದೆ ನಡೆಯಬೇಕು ಎಂಬುದೆಲ್ಲ ಮೊದಲೇ ಗೊತ್ತಿರಬೇಕು. ಚಳಿಗಾಲದಲ್ಲಿ ಆ ರಸ್ತೆ ಮುಚ್ಚಿದರೆ ಆಚೆಯ ಊರುಗಳಿಗೆ ಔಷಧಿಯೂ ಹೋಗುವುದಿಲ್ಲ. ಅವಸರ ಮಾಡಿದರೆ ನಮ್ಮವರೇ ಸಾಯುತ್ತಾರೆ.

ನನ್ನ ತಂಡದಲ್ಲಿ ನಮ್ಮ ಕಡೆಯವರು ಇಬ್ಬರಿದ್ದರು. ಒಬ್ಬ ಮಾನ್ವಿಯ ಮೆಹಬೂಬ. ಕಾಲುವೆಯ ಹೂಳು ತೆಗೆಯುವ ಯಂತ್ರ ನಡೆಸುತ್ತಿದ್ದವನನ್ನು ನಾನೇ ಅರ್ಜಿ ಹಾಕಿಸಿ ಕರೆದುಕೊಂಡು ಹೋಗಿದ್ದೆ. ಅಲ್ಲಿ ಹಿಮ ತಳ್ಳುವ ಡೋಜರ್ ನಡೆಸುವುದರಲ್ಲಿ ಅವನ ಸಮಾನ ಯಾರೂ ಇರಲಿಲ್ಲ. ಇನ್ನೊಬ್ಬ ಜಾಲಹಳ್ಳಿಯ ಹನುಮಂತ, ಕೂಲಿ ತಂಡದ ಮೇಸ್ತ್ರಿ. ಮೂವರೂ ಸೇರಿದರೆ ನಾವು ಬೀಡುಬಿಟ್ಟಿದ್ದ ತಗಡಿನ ಠಾಣೆಯಲ್ಲಿ ನಮ್ಮ ಕನ್ನಡವೇ ಕೇಳಿಸುತ್ತಿತ್ತು. ಮೆಹಬೂಬನಿಗೆ ಹನುಮಂತನನ್ನು ಕೆಣಕದೆ ಊಟ ಸೇರುತ್ತಿರಲಿಲ್ಲ. "ನಿಮ್ಮೂರಾಗ ಬಿಸಿಲು ಬಿಟ್ರ ಏನದಲೇ? ಇಲ್ಲಿಂದ ಎರಡು ಬುಟ್ಟಿ ಹಿಮ ಒಯ್ದು ಮಾರು, ಸಾಹುಕಾರ ಆಗ್ತಿ" ಎನ್ನುತ್ತಿದ್ದ.

ಅಲ್ಲಿ ನಾನು ಜಾರಿಗೆ ತಂದಿದ್ದ ಒಂದು ನಿಯಮವನ್ನು ನೀವು ತಿಳಿಯಬೇಕು. ಮೋಡ ಇಳಿದು ಹಿಮಗಾಳಿ ಎದ್ದರೆ ನಮ್ಮ ಕೈ ನಮಗೇ ಕಾಣುವುದಿಲ್ಲ. ಆ ಚಳಿಗೆ ವಾಕಿಟಾಕಿಯೂ ಸಾಯುತ್ತದೆ. ಆಗ ಡೋಜರ್ ಇದ್ದಲ್ಲೇ ನಿಲ್ಲಬೇಕು. ಚಾಲಕ ಆಗಾಗ ಹಾರ್ನ್ ಹೊಡೆಯಬೇಕು: ಒಂದು ಉದ್ದ, ಎರಡು ಗಿಡ್ಡ. ಕ್ಷೇಮವಾಗಿದ್ದೇನೆ, ಯಾರೂ ಬರಬೇಡಿ ಎಂದು ಅದರ ಅರ್ಥ. ಠಾಣೆಯಿಂದ ನಾವು ಕೈಯಿಂದ ತಿರುಗಿಸುವ ಸೈರನ್ನನ್ನು ಒಮ್ಮೆ ಉದ್ದಕ್ಕೆ ಊದಿ ಉತ್ತರ ಕೊಡಬೇಕು. ಹಾರ್ನ್ ಕೇಳಿಸುತ್ತಿರುವ ತನಕ ಠಾಣೆಯಿಂದ ಯಾರೂ ಹೊರಬೀಳಕೂಡದು. ಹಾರ್ನ್ ನಿಂತರೆ ಮಾತ್ರ ಹಗ್ಗ ಕಟ್ಟಿಕೊಂಡು ಹುಡುಕಲು ಹೋಗಬೇಕು. ಇನ್ನು ಯಂತ್ರ ಕೆಟ್ಟು ಕ್ಯಾಬಿನ್ ತಣ್ಣಗಾದರೆ ಚಾಲಕ ಸೈರನ್ನಿನ ದನಿ ಹಿಡಿದು ನಡೆದು ಬರಬೇಕು. ಸೈರನ್ ಇದ್ದದ್ದು ಒಂದೇ. ಅದು ಕೇಳಿಸಿದ ಕಡೆಗೇ ಠಾಣೆ.

ಆ ದಿನ ಮಧ್ಯಾಹ್ನ ಮೆಹಬೂಬ ಒಬ್ಬನೇ ಡೋಜರ್ ತೆಗೆದುಕೊಂಡು ಮೇಲಿನ ತಿರುವಿಗೆ ಹೋಗಿದ್ದ. ರಸ್ತೆಯ ಒಂದು ಕಡೆ ಗುಡ್ಡದ ಗೋಡೆ, ಇನ್ನೊಂದು ಕಡೆ ತಳ ಕಾಣದ ಕಮರಿ. ಅವನು ಹೋದ ಸ್ವಲ್ಪ ಹೊತ್ತಿಗೆ ಹಿಮಗಾಳಿ ಎದ್ದಿತು. ಕಿಟಕಿ ಬೆಳ್ಳಗಾಯಿತು. ಒಂದು ಉದ್ದ, ಎರಡು ಗಿಡ್ಡ ಹಾರ್ನ್ ಕೇಳಿಸಿತು. ನಾನು ಸೈರನ್ ತಿರುಗಿಸಿದೆ. ಎಲ್ಲ ಕ್ರಮವಾಗಿತ್ತು. ಮತ್ತೆ ಹಾರ್ನ್, ಮತ್ತೆ ಸೈರನ್. ನಾನು ನೆಮ್ಮದಿಯಿಂದ ಚಹಾ ತರಿಸಿಕೊಂಡೆ.

ಹನುಮಂತ ಮಾತ್ರ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದ. ಎಷ್ಟೋ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದ.

"ಸಾಹೇಬ್ರ, ಅದು ನಮ್ ಗಾಡಿ ಅಲ್ರಿ. ಮೆಹಬೂಬ ಮ್ಯಾಲೆ ಹೋಗ್ಯಾನ. ಇದು ತಗ್ಗಿನ ಕಡಿಂದ ಬರಾಕತ್ತದ."

ಗುಡ್ಡಗಳಲ್ಲಿ ದನಿ ಹೊರಳುತ್ತದೆ ಎಂದು ಗದರಿಸಿದೆ. ಅವನು ಕೇಳಲಿಲ್ಲ. "ಉತ್ತರಾ ಕೊಡಬ್ಯಾಡ್ರಿ. ನಮ್ಮೂರಾಗ ಒಂದ ಕೂಗಿಗೆ ಯಾರೂ ಓ ಅನ್ನಂಗಿಲ್ರಿ" ಎಂದ. ತಾಯಿಯ ಮಾತನ್ನೇ ಅಲ್ಲಿಯೂ ಕೇಳಬೇಕಾಯಿತಲ್ಲ ಎಂದು ನನಗೆ ಸಿಟ್ಟು ಬಂತು. ಆದರೆ ಬಾಗಿಲು ಓರೆ ಮಾಡಿ ಕೇಳಿದಾಗ ದನಿ ನಿಜವಾಗಿಯೂ ಕಮರಿಯಿಂದಲೇ ಬರುತ್ತಿತ್ತು. ಅಲ್ಲಿ ರಸ್ತೆಯಿಲ್ಲ. ಕಾಲಿಡಲು ನೆಲವೂ ಇಲ್ಲ.

ಹನುಮಂತನ ಭಯ ಬಿಡಿಸಬೇಕೆಂದು ನಾನೊಂದು ಪರೀಕ್ಷೆ ಯೋಚಿಸಿದೆ. ನಮ್ಮ ನಿಯಮದಲ್ಲಿ ಇಲ್ಲದ ಸಂಜ್ಞೆ, ಮೂರು ಗಿಡ್ಡ ಸೈರನ್ ಊದುವುದು. ಮೆಹಬೂಬನಾದರೆ ಗೊಂದಲಗೊಂಡು ಸುಮ್ಮನಾಗುತ್ತಾನೆ. ಇದನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹಿಡಿಕೆಯ ಮೇಲೆ ಕೈ ಇಟ್ಟೆ. ಇನ್ನೂ ತಿರುಗಿಸಿರಲಿಲ್ಲ. ಕಮರಿಯಿಂದ ಮೂರು ಗಿಡ್ಡ ಹಾರ್ನ್ ಬಂದವು.

ಹಿಡಿದ ಕೆಲಸ ಮುಗಿಸುವ ರೂಢಿಯಿಂದಲೋ ಏನೋ, ನನ್ನ ಕೈ ತಾನಾಗಿ ಮೂರು ಸಲ ಸೈರನ್ ತಿರುಗಿಸಿತು. ಆಮೇಲೆ ನಾನೇ ಮಾಡಿದ ನಿಯಮವನ್ನು ಮುರಿದೆ. ಹಾರ್ನ್ ಕೇಳಿಸುತ್ತಿದ್ದಾಗಲೇ ಹಗ್ಗ ಕಟ್ಟಿಕೊಂಡು ಹನುಮಂತ ಮತ್ತು ನಾಲ್ಕು ಜನರೊಂದಿಗೆ ಹೊರಬಿದ್ದೆ. ನಾವು ದಾರಿ ತಪ್ಪಬಾರದೆಂದು, ಕ್ರಮದಂತೆ ಸೈರನ್ ಊದುತ್ತಿರು ಎಂದು ಠಾಣೆಯ ಅಡಿಗೆಯವನಿಗೆ ಹೇಳಿದೆ.

ಗುಡ್ಡದ ಗೋಡೆ ಸವರುತ್ತ ತಿರುವು ತಲುಪಿದೆವು. ಮೇಲಿನಿಂದ ಹಿಮ ಜಾರಿ ಡೋಜರಿನ ಅರ್ಧವನ್ನು ನುಂಗಿತ್ತು. ಇಂಜಿನ್ ಸತ್ತು ತಣ್ಣಗಾಗಿತ್ತು. ಬ್ಯಾಟರಿ ಪೆಟ್ಟಿಗೆ ಜಜ್ಜಿಹೋಗಿತ್ತು. ಮೆಹಬೂಬ ಒಳಗೆ ಬದುಕಿದ್ದ. ಗುಡ್ಡದ ಕಡೆಯ ಬಾಗಿಲು ಸುಲಭವಾಗಿ ತೆರೆಯುವಂತಿತ್ತು. ಆದರೂ ಅವನು ಅದಕ್ಕೆ ಬೆನ್ನು ಮಾಡಿ ಕಮರಿಯ ಕಡೆಯ ಬಾಗಿಲನ್ನು ಎರಡೂ ಕಾಲಿನಿಂದ ಒದೆಯುತ್ತಿದ್ದ. ಅದು ಹಿಮದಲ್ಲಿ ಸಿಕ್ಕಿಕೊಂಡಿತ್ತು. ಒಂದು ಗೇಣಿನಷ್ಟು ಮಾತ್ರ ಬಿರುಕು ಬಿಟ್ಟಿತ್ತು. ಅದರಾಚೆ ಏನೂ ಇರಲಿಲ್ಲ. ನಾವು ಹಿಂದಿನಿಂದ ಹಿಡಿದಾಗ ಅವನು ನಮ್ಮನ್ನೂ ಒದ್ದ. ಹನುಮಂತ ಅವನ ಕೆನ್ನೆಗೆ ಹೊಡೆದು, "ಲೇ ಮೆಹಬೂಬಾ, ನಾನಲೇ, ಜಾಲಹಳ್ಳಿ ಹನ್ಮ್ಯಾ" ಎಂದ ಮೇಲೆ ಅವನ ಮೈ ಸಡಿಲವಾಯಿತು.

ಅವನನ್ನು ಹೊತ್ತು ಹೊರಟಾಗ ಮತ್ತೆ ಹಾರ್ನ್ ಕೇಳಿಸಿತು. ಒಂದು ಉದ್ದ, ಎರಡು ಗಿಡ್ಡ. ಡೋಜರ್ ನಮ್ಮ ಬೆನ್ನ ಹಿಂದೆ ಸತ್ತು ಬಿದ್ದಿತ್ತು, ಚಾಲಕ ನಮ್ಮ ಹೆಗಲ ಮೇಲಿದ್ದ. ಠಾಣೆಯಿಂದ ಅಡಿಗೆಯವನು ನನ್ನ ಆಜ್ಞೆಯಂತೆ ಸೈರನ್ ಊದಿ ಉತ್ತರ ಕೊಟ್ಟ. ಮುಂದಿನ ಹಾರ್ನ್ ಇನ್ನಷ್ಟು ಹತ್ತಿರದಿಂದ ಬಂತು. ಅವನು ಮತ್ತೆ ಉತ್ತರ ಕೊಟ್ಟ. ಅದು ಮತ್ತೂ ಹತ್ತಿರ ಬಂತು. ಆಗ ನನಗೆ ಹೊಳೆಯಿತು: ಆ ಸೈರನ್ ಹಿಡಿದು ನಾವಷ್ಟೇ ಠಾಣೆಗೆ ನಡೆಯುತ್ತಿರಲಿಲ್ಲ.

ನಿಲ್ಲಿಸು ಎಂದು ಕೂಗುವಂತಿಲ್ಲ, ಗಾಳಿಯಲ್ಲಿ ಕೇಳಿಸುವುದಿಲ್ಲ. ಸೈರನ್ ನಿಂತರೆ ನಮಗೂ ದಾರಿಯಿಲ್ಲ. ನಡೆದೆವು. ಕೊನೆಯ ಹಾರ್ನ್ ನಮ್ಮ ಪಕ್ಕದಲ್ಲೇ, ರಸ್ತೆಯ ಅಂಚಿನ ಕೆಳಗಿನಿಂದ ಬಂದಂತಿತ್ತು. ಹನುಮಂತ ನನ್ನ ತೋಳು ಹಿಡಿದು ಮೆಲ್ಲಗೆ, "ಆ ಕಡಿ ನೋಡಬ್ಯಾಡ್ರಿ ಯಪ್ಪಾ" ಎಂದ. ನಾನು ನೋಡಲಿಲ್ಲ. ಒಳಗೆ ನುಗ್ಗಿದೊಡನೆ ಅಡಿಗೆಯವನ ಕೈಯನ್ನು ಹಿಡಿಕೆಯ ಮೇಲೆಯೇ ಅದುಮಿ ಹಿಡಿದೆ. ಸೈರನ್ ನಿಂತಿತು. ಆಮೇಲೆ ಹಾರ್ನ್ ಬರಲಿಲ್ಲ.

ಮರುದಿನ ಬೆಳಗು ತಿಳಿಯಾಗಿತ್ತು. ಕಮರಿಯ ಅಂಚಿನ ಹಿಮದ ಮೇಲೆ ಒಂದು ಗೆರೆಯೂ ಇರಲಿಲ್ಲ. ಕೆಳಗಿನ ರಸ್ತೆಯನ್ನು ನೋಡಿಕೊಳ್ಳುವ ವಿಭಾಗದವರನ್ನು ವಿಚಾರಿಸಿದೆ. ಅವರ ಯಂತ್ರಗಳೆಲ್ಲ ಒಳಗೇ ಇದ್ದವು. ಪ್ರತಿಧ್ವನಿ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಕೂಗುವ ಮೊದಲೇ ಪ್ರತಿಧ್ವನಿ ಹುಟ್ಟುವುದಿಲ್ಲವಲ್ಲ. ಮೆಹಬೂಬ ಆ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಅವನು ಮತ್ತೆ ಡೋಜರ್ ಹತ್ತಲಿಲ್ಲ. ಊರಿಗೆ ಬಂದು ಮಾನ್ವಿಯ ಬಸ್ ನಿಲ್ದಾಣದ ಹತ್ತಿರ ಟೈರಿನ ಅಂಗಡಿ ಹಾಕಿದ.

ಹೋದ ಬೇಸಿಗೆಯಲ್ಲಿ ಮಾನ್ವಿಯ ಹತ್ತಿರದ ಬಾಗಲವಾಡಕ್ಕೆ ಹೋಗಿದ್ದವನು ಬರುವಾಗ ಅವನ ಅಂಗಡಿಗೆ ಹೋದೆ. ತಗಡಿನ ಮೇಲೆ ಬಿಸಿಲು ಸುಡುತ್ತಿತ್ತು. ಸೋಡಾ ತರಿಸಿದ, ಮೊಮ್ಮಕ್ಕಳ ಸುದ್ದಿ ಹೇಳಿದ, ಹನುಮಂತನನ್ನು ನೆನೆದು ನಕ್ಕ. ಮಾತು ಮುಗಿದ ಮೇಲೆ, ಕಮರಿಯ ಕಡೆಯ ಬಾಗಿಲನ್ನೇ ಯಾಕೆ ಒದೆಯುತ್ತಿದ್ದೆ ಎಂದು ಮೊದಲ ಸಲ ಕೇಳಿದೆ. ಅವನು ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟ.

"ಹಿಮ ಬಿದ್ದ ಮ್ಯಾಲೆ ಹಾರ್ನ್ ಒತ್ತಿದೆ ಸಾಬ್, ಬರಲಿಲ್ಲ. ಆದ್ರ ನಿಮ್ಮ ಸೈರನ್ ಬರ್ತಿತ್ತು. ತಗ್ಗಿನ ಕಡಿಂದ, ಬಾಗಲಾ ತೆಗೆದ್ರ ನೀವು ಅಲ್ಲೇ ನಿಂತೀರಿ ಅನ್ನಂಗ. ಅಷ್ಟರಾಗ ಒಮ್ಮಿ ಹಿಂದಿಂದ ಮೂರು ಗಿಡ್ಡ ಸೈರನ್ ಬಂದ್ವು. ಅಂಜಿಬಿಟ್ಟೆ. ನಮ್ ಸಾಹೇಬ್ರು ರೂಲ್ ಬಿಟ್ಟು ಊದಂಗಿಲ್ಲ, ಇದು ಬ್ಯಾರೆ ಏನೋ ಅದ ಅನ್ಕೊಂಡೆ. ತಗ್ಗಿನ ಕಡಿದು ಮಾತ್ರ ತಪ್ಪದಂಗ ಊದಾಕತ್ತಿತ್ತು. ಅದ ನೀವು ಅಂತ ಬಾಗಲಾ ಒದ್ದೆ."

ಹಿಂದಿನಿಂದ ಬಂದ ಆ ಮೂರು ನಾನೇ ಊದಿದ್ದು ಎಂದು ಅವನಿಗೆ ಹೇಳಿದೆ. ಅಷ್ಟು ಬಿಸಿಲಿನಲ್ಲಿ ಅವನ ಮುಂಗೈಯ ರೋಮ ನಿಂತದ್ದನ್ನು ಕಂಡೆ. ಬಸ್ ಹತ್ತಿಸಲು ಬಂದವನು ಒಂದೇ ಮಾತು ಕೇಳಿದ: "ಹಂಗಾದ್ರ ಅದು ನಿಮ್ಮಂಗ ಊದೋದು ಯಾವಾಗ ಕಲ್ತಿತ್ತು ಸಾಬ್?"

ರಾಯಚೂರಿನ ನಮ್ಮ ಮನೆ ರಸ್ತೆಗೆ ಹತ್ತಿರ. ಭತ್ತದ ಕಾಲದಲ್ಲಿ ಲಾರಿಗಳು ಸಾಲುಗಟ್ಟುತ್ತವೆ, ಹಗಲೆಲ್ಲ ಹಾರ್ನಿನ ಗದ್ದಲ. ಅವುಗಳ ನಡುವೆ ಒಮ್ಮೊಮ್ಮೆ ಒಂದು ಉದ್ದ, ಎರಡು ಗಿಡ್ಡ ಕೇಳಿಸುತ್ತದೆ. ಯಾವನೋ ಚಾಲಕ ಇರಬೇಕು ಎಂದುಕೊಳ್ಳುತ್ತೇನೆ. ಆದರೂ ಹಳೆಯ ರೂಢಿಯಂತೆ ನನ್ನ ಬಲಗೈ ಹಿಡಿಕೆ ತಿರುಗಿಸಲು ಎಂಬಂತೆ ಮೇಲೇಳುತ್ತದೆ. ಎಡಗೈಯಿಂದ ಅದನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಆ ದನಿ ದೂರ ಹೋಗುವ ತನಕ ಕುಳಿತಿರುತ್ತೇನೆ.