ಕೋಲಿನ ತುದಿ ನೀರಿಗೆ

ನೀರಲ್ಲಿ ಮುಳುಗುವ ದಾರ ಕಟ್ಟಿ ಗಾಳ ಹಾಕುವಾಗ ದಾರ ಎಳೆಯುವ ವೇಗವೇ ಎಲ್ಲ ಎನ್ನುತ್ತಾರೆ. ಹಾಗಿದ್ದರೆ ಇಮ್ರಾನನಿಗೆ ಮೀನು ಸಿಗಬೇಕಿತ್ತಲ್ಲ? ಶಿವಾಜಿನಗರದಿಂದ ನನ್ನ ಜೊತೆ ಬಸ್ಸಿನಲ್ಲಿ ಬಂದ ಈ ಗೆಳೆಯ ಕೆ.ಆರ್. ಪುರದಾಚೆಯ ಕೆರೆಯಲ್ಲಿ ಕೊಕ್ಕೆಗೆ ಗರಿ ಕಟ್ಟಿ ಮಾಡಿದ ಹುಸಿ ನೊಣವನ್ನು ಬೆಳಿಗ್ಗೆಯಿಂದ ನಿಧಾನವಾಗಿಯೂ ಜೋರಾಗಿಯೂ ಎಳೆದು ನೋಡಿದ್ದ. ಇವತ್ತೂ ಬರಿಗೈಯಾದರೆ ಅವನ ಸೋದರಮಾವ, ಅಂದರೆ ಮಾಮೂ, ಕೊಟ್ಟ ಗಾಳದ ಕೋಲನ್ನು ಅವರಿಗೇ ಹಿಂದಿರುಗಿಸಬೇಕು. ಅದು ಮಾಮೂ ಹಾಕಿದ ಷರತ್ತು.

"ತುದಿ ಯಾಕೆ ಅಷ್ಟು ಮೇಲೆತ್ತಿದ್ದೀಯ?" ಎಂದು ಕೇಳಿದೆ.

"ಅಭ್ಯಾಸ ಮಗಾ. ಗಾಳ ಎಸೆಯೋದು ಟೆರೇಸ್ ಮೇಲೆ ಕಲ್ತಿದ್ದಲ್ವಾ? ಕೆಳಗೆ ಹಿಡಿದ್ರೆ ಅಮ್ಮಿ ಒಣಗಿಸಿದ ಬಟ್ಟೆಗೆ ಕೊಕ್ಕೆ ಸಿಕ್ಕೊಳ್ತಿತ್ತು."

"ಇಲ್ಲಿ ಯಾರ ಬಟ್ಟೆ ಇದೆ ಗುರು? ತುದಿಯಿಂದ ನೀರಿನ್ವರೆಗೂ ದಾರ ಜೋತಾಡ್ತಿದೆ. ಮೀನು ಮುಟ್ಟಿದ್ರೂ ನಿನ್ ಕೈಗೆ ಹೆಂಗೆ ಗೊತ್ತಾಗುತ್ತೆ?"

"ಲಾಯರ್ ಸಾಹೇಬ್ರು ಶುರು ಮಾಡಿದ್ರಪ್ಪಾ," ಎಂದು ಗೊಣಗುತ್ತಲೇ ಇಮ್ರಾನ್ ತುದಿಯನ್ನು ನೀರಿಗೆ ತಾಗಿಸಿದ. ಎರಡು ಸಲ ಎಳೆದು ನಿಲ್ಲಿಸಿದ. ಆ ನಿಲುಗಡೆಯಲ್ಲೇ ದಾರ ಬಿಗಿಯಿತು. ಅಂಗೈಯಗಲದ ಜಿಲೇಬಿ ಮೀನೊಂದು ಒದ್ದಾಡುತ್ತ ಮೇಲೆ ಬಂತು. ನನ್ನ ಎದೆ ಹಗುರವಾಯಿತು. ಕೋಲು ಉಳಿಯಿತು, ನನ್ನ ವಾದವೂ ಉಳಿಯಿತು.

ಇಮ್ರಾನ್ ಖುಷಿಯಲ್ಲಿ ಮೀನಿನ ಬಾಯಿಂದ ಕೊಕ್ಕೆ ಬಿಡಿಸಿದ, ಅದನ್ನು ನೀರಿಗೆ ಬಿಟ್ಟೇಬಿಟ್ಟ.

"ಲೇ ಇಮ್ರಾನ್, ಫೋಟೋ ಇಲ್ದೆ ಮಾಮೂ ನಂಬ್ತಾರಾ?"